ಯಂತ್ರಗೊಂಬೆ ಮತ್ತು ಅದನ್ನು ಕಟ್ಟಿದ ಕೈ: ಫ್ರೆಂಚ್ ಆಟೊಮೇಟನ್ ಪರಂಪರೆ ಹಾಗೂ ಟಿಪ್ಪುವಿನ ಹುಲಿ

ಕನ್ನಡದಲ್ಲಿ ‘ಕೀಲು’ ಎಂಬ ಪದದ ಅರ್ಥವ್ಯಾಪ್ತಿ ದೊಡ್ಡದು. ಮೂಳೆಗಳ ಸಂಧಿ ಕೀಲು. ಮರದ ಎರಡು ತುಂಡುಗಳನ್ನು ಬಿಗಿಯುವ ಗೂಟ ಕೀಲು. ಬೀಗ ತೆರೆಯುವುದು ಕೀಲಿಕೈ. ಗಡಿಯಾರಕ್ಕೆ ಕೊಡುವುದು ಕೀಲಿ. ಕಲಾವಿದನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವ ಪೊಳ್ಳು ಕುದುರೆ ಕೀಲುಕುದುರೆ. ಅಜ್ಜಿಕಥೆಗಳಲ್ಲಿ ರಾಜಕುಮಾರನನ್ನು ಹೊತ್ತು ಆಕಾಶಕ್ಕೆ ನೆಗೆಯುವ ಮರದ ಕುದುರೆಗೂ ಅದೇ ಹೆಸರು. ನಮ್ಮ ಕಾರವಾರದ ಕಡೆ ಕೊಂಕಣಿ ಮತ್ತು ಮರಾಠಿಯ ಸಹವಾಸದಿಂದ ‘ಚಾವಿ’ ಎಂಬ ಮಾತೂ ಸೇರಿಕೊಂಡಿದೆ. ಮಕ್ಕಳ ಬಾಯಲ್ಲಿ ಅದು ‘ಚಾವಿಗೊಂಬೆ’. ಒಂದು ಭಾಷೆ ಇಷ್ಟೊಂದು ವಸ್ತುಗಳನ್ನು ಒಂದೇ ಪದದ ಆಸುಪಾಸಿನಲ್ಲಿ ಇಟ್ಟಿದೆಯೆಂದರೆ, ಚಲಿಸುವ ಗೊಂಬೆಯ ಕಲ್ಪನೆ ಆ ಭಾಷಿಕರಿಗೆ ಹೊರಗಿನಿಂದ ಬಂದ ಹೊಸತಲ್ಲ ಎಂದು ತಿಳಿಯಬಹುದು.

ಯುರೋಪಿನಲ್ಲಿ ‘ಆಟೊಮೇಟನ್’ ಎಂದು ಕರೆಯಲಾಗುವುದು ಇದಕ್ಕಿಂತ ಖಚಿತವಾದ ವಸ್ತು. ತನ್ನೊಳಗಿನ ಯಂತ್ರದ ಬಲದಿಂದ, ನೋಡುವವರಿಗೆ ಕಾಣುವಂತೆ ಬೇರೆ ಯಾರೂ ಆಡಿಸದೆ, ಮನುಷ್ಯನಂತೆಯೋ ಪ್ರಾಣಿಯಂತೆಯೋ ಚಲಿಸುವ ಆಕೃತಿ ಅದು. ಈ ಕಲೆಯ ಚರಿತ್ರೆಯಲ್ಲಿ ಫ್ರಾನ್ಸಿಗೆ, ಅದರಲ್ಲೂ ಪ್ಯಾರಿಸ್ ನಗರಕ್ಕೆ, ಅಗ್ರಸ್ಥಾನವಿದೆ. ಕರ್ನಾಟಕದ ನೆಲದಲ್ಲಿ ಹುಟ್ಟಿ ಲೋಕಪ್ರಸಿದ್ಧವಾದ ಒಂದೇ ಒಂದು ಯಂತ್ರಗೊಂಬೆ ಎಂದರೆ ಟಿಪ್ಪುವಿನ ಹುಲಿ. ಅದರ ಮಾತು ಬಂದಾಗಲೆಲ್ಲ ‘ಮೈ ನಮ್ಮವರದು, ಯಂತ್ರ ಫ್ರೆಂಚರದು’ ಎಂಬ ಹಂಚಿಕೆಯ ಮಾತೂ ಜೊತೆಗೇ ಬರುತ್ತದೆ. ಈ ಹಂಚಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು, ಎರಡೂ ಕಡೆಯ ಗೊಂಬೆಗಳು ಹೇಗೆ ಚಲಿಸುತ್ತವೆ ಎಂಬುದರ ಆಧಾರದ ಮೇಲೆ, ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ಯಾರಿಸಿನ ಕಾರ್ಯಾಗಾರಗಳು

ಫ್ರೆಂಚ್ ಯಂತ್ರಗೊಂಬೆಗಳ ಕಥೆಯನ್ನು ಸಾಮಾನ್ಯವಾಗಿ ಜಾಕ್ ದ ವೊಕಾನ್ಸೊನ್‌ನಿಂದ (1709–1782) ಆರಂಭಿಸುವುದು ವಾಡಿಕೆ. ಗ್ರೆನೋಬಲ್‌ನಲ್ಲಿ ಹುಟ್ಟಿದ ಈತ 1738ರಲ್ಲಿ ಪ್ಯಾರಿಸಿನಲ್ಲಿ ಕೊಳಲು ನುಡಿಸುವ ಆಳೆತ್ತರದ ಗೊಂಬೆಯೊಂದನ್ನು ಪ್ರದರ್ಶಿಸಿ, ಅದರ ವಿವರಣೆಯನ್ನು ಅಲ್ಲಿನ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದ. ಗೊಂಬೆಯ ಒಳಗೆ ಸಂಗೀತಪೆಟ್ಟಿಗೆಯನ್ನು ಅಡಗಿಸಿಟ್ಟು ಕೊಳಲನ್ನು ಬಾಯಿಗೆ ಹಿಡಿಸಿದ ಕಣ್ಕಟ್ಟಲ್ಲ ಅದು. ತಿದಿಗಳಿಂದ ಬಂದ ಗಾಳಿ ನಿಜವಾಗಿಯೂ ತುಟಿಗಳ ನಡುವಿನಿಂದ ಹೊರಟು ಕೊಳಲನ್ನು ಹೊಗುತ್ತಿತ್ತು. ತುಟಿ, ನಾಲಿಗೆ, ಬೆರಳುಗಳು ರಾಗಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತಿದ್ದವು. ಆ ಬಳಿಕ ಅವನು ಮಾಡಿದ, ಕಾಳು ತಿಂದು ಜೀರ್ಣಿಸಿ ಹಿಕ್ಕೆ ಹಾಕುತ್ತದೆಂದು ಹೇಳಲಾದ ಬಾತುಕೋಳಿ ಇನ್ನೂ ಹೆಚ್ಚು ಹೆಸರು ಗಳಿಸಿತು. ಜೀರ್ಣಕ್ರಿಯೆ ಮಾತ್ರ ಸುಳ್ಳಾಗಿತ್ತು: ತಿಂದದ್ದು ಒಂದು ಕಡೆ ಉಳಿಯುತ್ತಿತ್ತು, ಮೊದಲೇ ತುಂಬಿಟ್ಟಿದ್ದು ಇನ್ನೊಂದು ಕಡೆಯಿಂದ ಬೀಳುತ್ತಿತ್ತು. ವೊಕಾನ್ಸೊನ್ 1741ರಲ್ಲಿ ರೇಷ್ಮೆ ಕೈಗಾರಿಕೆಯ ಸರ್ಕಾರಿ ಪರಿವೀಕ್ಷಕನಾಗಿ ನೇಮಕಗೊಂಡು ಮಗ್ಗಗಳ ಕಡೆ ತಿರುಗಿದ. ಅವನ ಗೊಂಬೆಗಳಲ್ಲಿ ಒಂದೂ ಇಂದು ಉಳಿದಿಲ್ಲ. ಹೆಸರು ಉಳಿದಿದೆ, ವಸ್ತು ಅಳಿದಿದೆ. ಟಿಪ್ಪುವಿನ ಹುಲಿಯ ವಿಷಯದಲ್ಲಿ ಇದು ತಿರುಗುಮುರುಗಾಗಿರುವುದನ್ನು ಮುಂದೆ ಕಾಣಲಿದ್ದೇವೆ.

ಹದಿನೆಂಟನೆಯ ಶತಮಾನದ ಯಂತ್ರಗೊಂಬೆಗಳೆಲ್ಲ ಫ್ರೆಂಚರವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಜಾಕೆ-ದ್ರೋ ಮನೆತನದವರು ತಮ್ಮ ಸಹಾಯಕ ಲೆಶೋನೊಂದಿಗೆ 1768 ಮತ್ತು 1774ರ ನಡುವೆ ಕಟ್ಟಿದ ಬರೆಯುವ ಹುಡುಗ, ಚಿತ್ರ ಬಿಡಿಸುವ ಹುಡುಗ, ವಾದ್ಯ ನುಡಿಸುವ ಹೆಂಗಸು ಇವು ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಸಂಗ್ರಹಾಲಯದಲ್ಲಿ ಇಂದಿಗೂ ಚಲಿಸುತ್ತವೆ. ಫ್ರಾನ್ಸಿನ ರಾಣಿ ಮರಿ ಆಂತ್ವನೆತ್ 1785ರಲ್ಲಿ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ, ತಂತಿವಾದ್ಯವನ್ನು ಕೋಲಿನಿಂದ ಬಾರಿಸುವ ಹೆಣ್ಣುಗೊಂಬೆಯನ್ನು ಮಾಡಿದವರು ಜರ್ಮನಿಯ ಕಿಂಟ್ಸಿಂಗ್ ಮತ್ತು ರೋಂಟ್ಗೆನ್.

ನಾವು ಇಂದು ‘ಪುರಾತನ ಫ್ರೆಂಚ್ ಯಂತ್ರಗೊಂಬೆ’ ಎನ್ನುವಾಗ ಹೆಚ್ಚಾಗಿ ಮನಸ್ಸಿನಲ್ಲಿರುವುದು ಇವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮೊದಲ ಮಹಾಯುದ್ಧದವರೆಗೆ ಪ್ಯಾರಿಸಿನ ಮಾರೆ ಪ್ರದೇಶದ ಓಣಿಗಳಲ್ಲಿ ತಯಾರಾಗಿ ಶ್ರೀಮಂತರ ದಿವಾನಖಾನೆಗಳನ್ನು ಸೇರಿದ ಗೊಂಬೆಗಳು. ಹಾಡುವ ಹಕ್ಕಿಗಳಿಗೆ ಬೊಂತಾಂ ಮನೆತನ, ಮಂಗಗಳ ವಿನೋದ ದೃಶ್ಯಗಳಿಗೆ ಫಾಲಿಬ್ವಾ, ಕಸರತ್ತುಗಾರರಿಗೂ ವಾದ್ಯಗಾರರಿಗೂ ಗುಸ್ತಾವ್ ವಿಶಿ, ಹೂವು ಹಿಡಿದ, ಬೀಸಣಿಗೆ ಬೀಸುವ ಸುಂದರಿಯರಿಗೆ ಲಿಯೊಪೋಲ್ ಲಾಂಬೆರ್ ಪ್ರಸಿದ್ಧರಾಗಿದ್ದರು. ಜಾನ್ ರುಲೆ ಆರಂಭಿಸಿ, ಅವನ ಅಳಿಯ ಎರ್ನೆಸ್ಟ್ ದೆಕಾಂ ಸೇರಿದ ಮೇಲೆ ‘ರುಲೆ ಮತ್ತು ದೆಕಾಂ’ ಎಂದಾದ ಸಂಸ್ಥೆ ಇವರಲ್ಲಿ ದೊಡ್ಡದು. ಹಾವಾಡಿಸುವ ಹೆಂಗಸಿನ ಗೊಂಬೆ ಈ ಸಂಸ್ಥೆಯ ಪ್ರಸಿದ್ಧ ಕೃತಿಗಳಲ್ಲೊಂದು. ಪೂರ್ವದೇಶಗಳೆಂದರೆ ಹಾವು ಎಂಬ ಆ ಕಾಲದ ಪ್ಯಾರಿಸಿನ ಕಲ್ಪನೆ ನಮಗೆ ನಗೆ ತರಿಸಬಹುದು; ಟಿಪ್ಪುವಿನ ಹುಲಿಯ ಅಡಿಯಲ್ಲಿ ಬಿದ್ದ ಯುರೋಪಿಯನ್ನನೂ ಅಷ್ಟೇ ಸಾಂಕೇತಿಕ ಆಕೃತಿ ಎಂಬುದನ್ನು ಮರೆಯಬಾರದು.

ಈ ಗೊಂಬೆಗಳ ಒಳರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಪೀಠದೊಳಗೆ ಅಥವಾ ಗೊಂಬೆಯ ಮೈಯೊಳಗೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಕೀಲಿ ಕೊಟ್ಟಾಗ ಅದು ಬಿಗಿಯುತ್ತದೆ. ಬಿಚ್ಚಿಕೊಳ್ಳುವ ಸ್ಪ್ರಿಂಗ್ ಹಲ್ಲಿನ ಚಕ್ರಗಳ ಸಾಲನ್ನು ತಿರುಗಿಸುತ್ತದೆ. ಒಮ್ಮೆಗೇ ಬಿಚ್ಚಿಹೋಗದಂತೆ ಆ ಸಾಲಿನ ಕೊನೆಯಲ್ಲಿ ಗಾಳಿಯನ್ನು ಕಡೆಯುತ್ತ ಗಿರಗಿರನೆ ತಿರುಗುವ ಚಿಕ್ಕ ರೆಕ್ಕೆಯೊಂದು ವೇಗವನ್ನು ತಡೆಹಿಡಿಯುತ್ತದೆ. ನಡುವಿನ ಅಚ್ಚಿನ ಮೇಲೆ ತಟ್ಟೆಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಲಾಗಿರುತ್ತದೆ. ಕ್ಯಾಮ್ ಎಂದು ಕರೆಯುವ ಈ ತಟ್ಟೆಗಳ ಅಂಚು ದುಂಡಗಿಲ್ಲ. ಒಂದೆಡೆ ಉಬ್ಬು, ಇನ್ನೊಂದೆಡೆ ತಗ್ಗು. ಅಂಚಿಗೆ ಆತುಕೊಂಡ ಸನ್ನೆಕಡ್ಡಿ ಆ ಏರುತಗ್ಗುಗಳಂತೆ ಏಳುತ್ತ ಇಳಿಯುತ್ತ, ಗೊಂಬೆಯ ಕಾಲು ಸೊಂಟಗಳೊಳಗಿಂದ ಹಾದುಹೋದ ತಂತಿಯನ್ನು ಎಳೆಯುತ್ತದೆ. ಒಂದು ತಟ್ಟೆ ಕುತ್ತಿಗೆಗೆ, ಒಂದು ರೆಪ್ಪೆಗೆ, ಒಂದು ಬಲಗೈಗೆ. ಸಂಗೀತಕ್ಕೆ ಬೇರೆಯದೇ ವ್ಯವಸ್ಥೆ: ಮೊಳೆಗಳನ್ನು ನೆಟ್ಟ ಉರುಳೆ ತಿರುಗುತ್ತ ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟುತ್ತದೆ.

ನಮ್ಮ ಸೂತ್ರದ ಗೊಂಬೆಯನ್ನು ಬಲ್ಲವರಿಗೆ ಇಲ್ಲಿ ಅಪರಿಚಿತವಾದುದು ಬಹಳವಿಲ್ಲ. ಕುಂದಾಪುರ ಸಮೀಪದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟದಲ್ಲಿ ಸೂತ್ರಗಳು ಮೇಲಿನಿಂದ ಇಳಿಯುತ್ತವೆ. ಫ್ರೆಂಚ್ ಗೊಂಬೆಯಲ್ಲಿ ತಂತಿ ಕೆಳಗಿನಿಂದ ಏರುತ್ತದೆ. ಮುಖ್ಯ ವ್ಯತ್ಯಾಸ ಇರುವುದು ಸೂತ್ರದ ತುದಿಯಲ್ಲಿ. ಅಲ್ಲಿ ಭಾಗವತಿಕೆಯನ್ನು ಕೇಳುತ್ತ ಬೆರಳಾಡಿಸುವ ಸೂತ್ರಧಾರನಿದ್ದಾನೆ. ಇಲ್ಲಿ ಅವನ ಬೆರಳಾಟವನ್ನು ಒಮ್ಮೆಗೇ ಕೊರೆದಿಟ್ಟ ತಟ್ಟೆಯಿದೆ. ಮದ್ದಲೆಯವನು ಒಂದು ಪೆಟ್ಟು ಹೆಚ್ಚು ಹಾಕಿದರೆ ಉಪ್ಪಿನಕುದ್ರುವಿನ ಗೊಂಬೆ ಒಂದು ಹೆಜ್ಜೆ ಹೆಚ್ಚು ಕುಣಿಯುತ್ತದೆ. ಪ್ಯಾರಿಸಿನ ಸುಂದರಿ ಯಾರಿಗಾಗಿಯೂ ಬೀಸಣಿಗೆಯನ್ನು ಇನ್ನೊಮ್ಮೆ ಬೀಸಲಾರಳು. ಆಟೊಮೇಟನ್ ಎಂಬ ಹೆಸರಿಗೆ ಅರ್ಹತೆ ತಂದುಕೊಡುವುದು ಈ ತಟ್ಟೆಯೇ ಹೊರತು ಚಲನೆಯಲ್ಲ.

ಇನ್ನು ತಯಾರಕರ ಹೆಸರಿನ ವಿಚಾರ. ರುಲೆ ಮತ್ತು ದೆಕಾಂ ಗೊಂಬೆಗಳ ಕೀಲಿಯ ಮೇಲೆ ‘ಆರ್.ಡಿ.’ ಎಂಬ ಅಕ್ಷರಗಳನ್ನೂ ಲಾಂಬೆರ್‌ನ ಕೀಲಿಗಳ ಮೇಲೆ ‘ಎಲ್.ಬಿ.’ ಎಂಬ ಅಕ್ಷರಗಳನ್ನೂ ಕಾಣಬಹುದು. ಸಂಗ್ರಾಹಕರಿಗೆ ಈ ಕೀಲಿಯೇ ದಾಖಲೆ. ಕೀಲಿ ಕಳೆದುಹೋದ ಗೊಂಬೆಗೆ ಬೆಲೆ ಕಡಿಮೆ. ಆದರೆ ಆ ಅಕ್ಷರಗಳ ಹಿಂದೆ ಎಷ್ಟು ಕೈಗಳಿದ್ದವು? ಪಿಂಗಾಣಿಯ ತಲೆಗಳು ಬಹುಪಾಲು ಜ್ಯೂಮೊ ಮುಂತಾದ ಗೊಂಬೆ ತಯಾರಕರಿಂದ ಬರುತ್ತಿದ್ದವು. ಸಂಗೀತದ ಯಂತ್ರ ಬೇರೆಯವರದು. ಲಾಂಬೆರ್‌ನ ಗೊಂಬೆಗಳ ರೇಷ್ಮೆಯ ಉಡುಪುಗಳನ್ನು ಸಿದ್ಧಪಡಿಸುತ್ತಿದ್ದವಳು ಅವನ ಪತ್ನಿ ಯೂಜೆನಿ ಬೂರ್ಜ್ವಾ. ಉಳಿದ ಕಾರ್ಯಾಗಾರಗಳಲ್ಲಿ ಜರಿ ಹೊಲಿದ, ಕೂದಲು ಅಂಟಿಸಿದ, ಕಣ್ಣು ಕೂರಿಸಿದ ಹೆಂಗಸರ ಹೆಸರು ಯಾವ ಕೀಲಿಯ ಮೇಲೂ ಇಲ್ಲ. ಆದ್ದರಿಂದ ಫ್ರೆಂಚ್ ಗೊಂಬೆಗೆ ‘ಕರ್ತೃ’ ಇದ್ದಾನೆ, ನಮ್ಮ ಗೊಂಬೆಗೆ ಇಲ್ಲ ಎಂಬ ಹೋಲಿಕೆಯನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು. ಕೀಲಿಯ ಮೇಲಿರುವುದು ಅಂಗಡಿಯ ಮುದ್ರೆ. ಕೃತಿ ಪೇಟೆಗೆ ಹೋಗುವಲ್ಲಿ ಮುದ್ರೆ ಬೇಕು. ಅರಮನೆಗೋ ದೇವಸ್ಥಾನಕ್ಕೋ ಹೋಗುವಲ್ಲಿ ಬೇಡ.

ಇದಕ್ಕೆ ನಮ್ಮ ಕಡೆಯದೇ ಒಂದು ಹಳೆಯ ಸಾಕ್ಷ್ಯವಿದೆ. ಹನ್ನೊಂದನೆಯ ಶತಮಾನದ ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ದ ಯಂತ್ರವಿಧಾನ ಅಧ್ಯಾಯದಲ್ಲಿ ನೀರು ಕುಡಿಯುವ ಆನೆ, ಕುಣಿಯುವ ಗೊಂಬೆ, ಬಾಗಿಲು ಕಾಯುವ ಮರದ ಆಳು, ಹಾರುವ ಹಕ್ಕಿ ಇತ್ಯಾದಿ ಯಂತ್ರಗಳ ಪ್ರಸ್ತಾಪವಿದೆ. ಇವುಗಳನ್ನು ಕುರಿತು ವಿ. ರಾಘವನ್ ಅವರು ಬರೆದ ಪ್ರಬಂಧ 1952ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. ಯಂತ್ರಗಳ ರಚನೆಯನ್ನು ಪೂರ್ತಿಯಾಗಿ ಹೇಳದೆ ಬಿಟ್ಟಿರುವುದು ತಿಳಿಯದ್ದರಿಂದಲ್ಲ, ಗುಟ್ಟನ್ನು ಕಾಯುವುದಕ್ಕಾಗಿ ಎಂದು ಗ್ರಂಥಕಾರನೇ ಸ್ಪಷ್ಟಪಡಿಸುತ್ತಾನೆ. ವಿದ್ಯೆ ಗುರುವಿನ ಕೈಯಿಂದ ಶಿಷ್ಯನ ಕೈಗೆ ಹೋಗಬೇಕೆಂಬುದು ಅದರ ಭಾವ. ಬರೆಯದೆ ಇದ್ದುದು ಇಲ್ಲದೆ ಇದ್ದುದಲ್ಲ ಎಂಬ ಈ ಸರಳ ಸಂಗತಿ ಟಿಪ್ಪುವಿನ ಹುಲಿಯನ್ನು ನೋಡುವಾಗ ಪದೇ ಪದೇ ಮರೆತುಹೋಗಿದೆ.

ಶ್ರೀರಂಗಪಟ್ಟಣ ಮತ್ತು ಫ್ರೆಂಚ್ ಕುಶಲಕರ್ಮಿಗಳು

ಹೈದರನ ಸೇನೆ ಕಾಳಿನದಿಯ ಮುಖದಲ್ಲಿರುವ ಸದಾಶಿವಗಡವನ್ನು ಹಿಡಿದ 1763ರಿಂದ, ನಡುವಿನ ಯುದ್ಧದ ಏರಿಳಿತಗಳನ್ನು ಬಿಟ್ಟರೆ, 1799ರವರೆಗೆ ಕಾರವಾರ–ಅಂಕೋಲೆಯ ಕರಾವಳಿ ಶ್ರೀರಂಗಪಟ್ಟಣದ ಅಧೀನದಲ್ಲಿತ್ತು. ನಮ್ಮ ಭಾಗದ ಹಿರಿಯರ ನೆನಪುಗಳಲ್ಲಿ ಟಿಪ್ಪು ಕೋಟೆ, ಬತೇರಿ, ಕಂದಾಯಗಳ ಮೂಲಕ ಉಳಿದಿದ್ದಾನೆಯೇ ಹೊರತು ಕಲೆಯ ಮೂಲಕ ಅಲ್ಲ. ಆದರೆ ಅವನ ರಾಜಧಾನಿಯಲ್ಲಿ ಬಂದೂಕು, ಕಾಗದ, ಗಡಿಯಾರ, ಗಾಜುಗಳ ತಯಾರಿಕೆಯ ಪ್ರಯತ್ನಗಳು ನಡೆದಿದ್ದವು; ಅದಕ್ಕಾಗಿ ಅವನು ಹೊರದೇಶಗಳ ಕೆಲಸಗಾರರನ್ನು ಹುಡುಕಿ ಕರೆಸಿದ.

ಫ್ರಾನ್ಸಿಗೆ ಅವನು ಕಳುಹಿಸಿದ ರಾಯಭಾರ ಇದರಲ್ಲಿ ಮುಖ್ಯವಾದುದು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು 1788ರ ಜೂನ್‌ನಲ್ಲಿ ತೂಲೋಂ ಬಂದರಿನಲ್ಲಿ ಇಳಿದು, ಆಗಸ್ಟ್ 10ರಂದು ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೈನಿಕ ನೆರವಿನ ಜೊತೆಗೆ ಅವರು ಕೇಳಿದ್ದು ಕುಶಲಕರ್ಮಿಗಳನ್ನು. ಗಡಿಯಾರದವರು, ಗಾಜಿನವರು, ಪಿಂಗಾಣಿಯವರು, ನೇಯ್ಗೆಯವರು ಆ ಕೋರಿಕೆಯಲ್ಲಿದ್ದರು. ಸೈನ್ಯ ಸಿಗಲಿಲ್ಲ. ಕೆಲವು ಕುಶಲಕರ್ಮಿಗಳು ರಾಯಭಾರಿಗಳೊಂದಿಗೆ ಹೊರಟು 1789ರಲ್ಲಿ ಭಾರತ ತಲುಪಿದರು. ಆ ವೇಳೆಗೆ ಪ್ಯಾರಿಸಿನಲ್ಲಿ ಕ್ರಾಂತಿಯ ಕಿಡಿ ಹೊತ್ತಿಕೊಂಡಿತ್ತು. ಹುಲಿಯ ಯಂತ್ರ ಫ್ರೆಂಚರದು ಎಂಬ ಊಹೆಗೆ ಇರುವ ಚಾರಿತ್ರಿಕ ಹಿನ್ನೆಲೆ ಇದು. ಹಿನ್ನೆಲೆ ಗಟ್ಟಿಯಾದುದೇ; ಆದರೆ ಫ್ರೆಂಚರು ಊರಿನಲ್ಲಿದ್ದರು ಎಂಬುದು ಅವರೇ ಮಾಡಿದರು ಎಂಬುದಕ್ಕೆ ಪುರಾವೆಯಾಗದು.

ಹುಲಿಯ ಮೈ, ಹುಲಿಯ ಒಡಲು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಗೀತಶಾಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗೆ ದೊರೆತ ಈ ಕೃತಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಕಾಲವನ್ನು 1790ರ ದಶಕದ ಆರಂಭವೆಂದು ಅಂದಾಜಿಸಲಾಗಿದೆ. ಸುಮಾರು 70 ಸೆಂಟಿಮೀಟರ್ ಎತ್ತರ, 170 ಸೆಂಟಿಮೀಟರಿಗೂ ಮೀರಿದ ಉದ್ದ. ಹೆಚ್ಚು ಕಡಿಮೆ ಜೀವಪ್ರಮಾಣ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಹುಲಿಯೊಂದು ಅಂಗಾತ ಬಿದ್ದ ಯುರೋಪಿಯನ್ ಉಡುಪಿನ ಮನುಷ್ಯನ ಎದೆಯ ಮೇಲೆ ಮುಂಗಾಲೂರಿ ಕುತ್ತಿಗೆಗೆ ಬಾಯಿ ಹಾಕಿದೆ.

ಹುಲಿಯ ಪಕ್ಕದಲ್ಲಿ ಒಂದು ತಿರುಗಣೆಯ ಹಿಡಿಕೆಯಿದೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡತೊಡಗುತ್ತವೆ. ಒಂದು ತಿದಿಯ ಗಾಳಿ ಮನುಷ್ಯನ ಗಂಟಲೊಳಗಿನ ಕೊಳವೆಯ ಮೂಲಕ ಬಾಯಿಯಿಂದ ಹೊರಬಿದ್ದು ಗೋಳಿನ ದನಿಯಾಗುತ್ತದೆ. ಅದೇ ಹೊತ್ತಿಗೆ ಅವನ ಎಡಗೈ ಏಳುತ್ತದೆ, ಇಳಿಯುತ್ತದೆ. ಕೈಯ ಈ ಚಲನೆಯೊಂದಿಗೆ ಗೋಳಿನ ಸ್ವರವೂ ಬದಲಾಗುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ವ್ಯವಸ್ಥೆ ಎರಡು ಸ್ವರಗಳ ಕೊಳವೆಯೊಂದಕ್ಕೆ ಗಾಳಿಯೂದಿ ನಿಯತವಾದ ಗುರುಗುಟ್ಟುವಿಕೆಯನ್ನು ಹೊರಡಿಸುತ್ತದೆ. ಇಷ್ಟೇ ಅಲ್ಲದೆ ಹುಲಿಯ ಪಕ್ಕೆಯ ಮುಚ್ಚಳವೊಂದನ್ನು ತೆರೆದರೆ ದಂತದ 18 ಮನೆಗಳುಳ್ಳ ಪುಟ್ಟ ಆರ್ಗನ್ ಕಾಣುತ್ತದೆ. ಬೇಕಾದವರು ಅದರ ಮೇಲೆ ರಾಗ ನುಡಿಸಬಹುದು.

ಈ ರಚನೆಯನ್ನು ಮೇಲೆ ವಿವರಿಸಿದ ಪ್ಯಾರಿಸಿನ ಗೊಂಬೆಯ ರಚನೆಯೊಂದಿಗೆ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹುಲಿಯಲ್ಲಿ ಸ್ಪ್ರಿಂಗ್ ಇಲ್ಲ, ಕೀಲಿ ಇಲ್ಲ. ರಾಗವನ್ನು ಕೊರೆದಿಟ್ಟ ಮೊಳೆಯ ಉರುಳೆ ಇಲ್ಲ. ಒಬ್ಬನು ಹಿಡಿಕೆ ತಿರುಗಿಸುತ್ತಲೇ ಇರಬೇಕು. ಅವನು ನಿಂತರೆ ಹುಲಿಯೂ ನಿಲ್ಲುತ್ತದೆ, ಅವನು ಅವಸರ ಮಾಡಿದರೆ ಸಾಯುವವನೂ ಅವಸರದಿಂದ ನರಳುತ್ತಾನೆ. ಆರ್ಗನ್ ನುಡಿಸುವುದಕ್ಕೂ ಮನುಷ್ಯನ ಬೆರಳೇ ಬೇಕು. ವೊಕಾನ್ಸೊನ್ ಮಾಡಿ ಅರ್ಧ ಶತಮಾನ ಕಳೆದ ಮೇಲೆ, ಅರಸನ ಅಪ್ಪಣೆಯ ಮೇರೆಗೆ, ಪಳಗಿದ ಫ್ರೆಂಚ್ ಗಡಿಯಾರದವನೊಬ್ಬ ತನ್ನ ವಿದ್ಯೆಯನ್ನು ಮೆರೆಯಲು ಕೂತಿದ್ದರೆ ಇಂಥ ಕೃತಿ ಹೊರಬರುತ್ತಿತ್ತೇ ಎಂಬುದು ಸಹಜವಾದ ಪ್ರಶ್ನೆ. ಗಡಿಯಾರದವನ ಮನಸ್ಸು ಮೊದಲು ಹೋಗುವುದು ಸ್ಪ್ರಿಂಗಿನ ಕಡೆಗೆ. ಇಲ್ಲಿ ಕೆಲಸ ಮಾಡಿರುವುದು ತಿದಿ ಮತ್ತು ಕೊಳವೆಗಳನ್ನು ಬಲ್ಲ ಮನಸ್ಸು. ಆರ್ಗನ್ ಭಾಗ ಯುರೋಪಿನ ವಿದ್ಯೆಯೆಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅದನ್ನು ಫ್ರೆಂಚರದೆಂದೂ ಡಚ್ಚರದೆಂದೂ ವಿದ್ವಾಂಸರು ಸೂಚಿಸಿದ್ದುಂಟು. ಆದರೆ ತಿದಿಯೊತ್ತಿ ದನಿ ಹೊರಡಿಸುವುದು ಯಾವ ಊರಿನ ಕಮ್ಮಾರನಿಗೂ ಕಲಿಸಿಕೊಡಬೇಕಾದ ಗುಟ್ಟಾಗಿರಲಿಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ತಿದಿವಾದ್ಯವನ್ನು ನೆನೆಯಬಹುದು. ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೈನ್ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ, ಕಾಲಿನಿಂದ ಒತ್ತುವ ತಿದಿಯನ್ನು ಬಿಟ್ಟು ಕೈತಿದಿಯನ್ನು ಪಡೆದು, ನಮ್ಮ ನಾಟಕ ಕಂಪನಿಗಳಲ್ಲಿ, ಭಜನಾ ಮೇಳಗಳಲ್ಲಿ ‘ಪೇಟಿ’ಯಾಗಿ ನೆಲೆಸಿತು. ಪೇಟಿಯನ್ನು ಇಂದು ಯಾರೂ ಫ್ರೆಂಚ್ ವಾದ್ಯವೆಂದು ಕರೆಯುವುದಿಲ್ಲ. ಹುಲಿಯ ಒಡಲಿನ ಆರ್ಗನ್ನಿಗೆ ಆ ಭಾಗ್ಯ ಸಿಗದೆ ಇದ್ದುದಕ್ಕೆ ಕಾರಣ, ಅದು ನಮ್ಮ ನಡುವೆ ಉಳಿಯಲು ದೊರೆತ ಕಾಲ ಹತ್ತು ವರ್ಷವೂ ಇಲ್ಲದಿದ್ದುದು.

ನನ್ನ ದೃಷ್ಟಿಯಲ್ಲಿ ಹುಲಿಯ ರಚನೆಯ ಅತ್ಯಂತ ಮಹತ್ವದ ಅಂಶ ಆ ಎಡಗೈ. ಪ್ಯಾರಿಸಿನ ಸಾಮಾನ್ಯ ಗೊಂಬೆಯಲ್ಲಿ ಸಂಗೀತ ಪೀಠದಲ್ಲಿ, ಚಲನೆ ಮೈಯಲ್ಲಿ. ಎರಡಕ್ಕೂ ಒಂದೇ ಸ್ಪ್ರಿಂಗ್ ಇದ್ದರೂ ಅವು ಬೇರೆ ಬೇರೆ. ಹುಲಿಯ ಅಡಿಯಲ್ಲಿ ಬಿದ್ದವನ ಕೈ ಏಳುವುದೂ ಅವನ ಕೂಗು ಏರಿಳಿಯುವುದೂ ಒಂದೇ ಕ್ರಿಯೆ. ಅಂಗಾಭಿನಯ ಮತ್ತು ದನಿಗಳನ್ನು ಒಂದಾಗಿ ಕಾಣುವ ಈ ಕಲ್ಪನೆ ಪ್ರದರ್ಶನ ಕಲೆಯನ್ನು ಬಲ್ಲವರದು. ಇದನ್ನು ಹೊಳೆಯಿಸಿಕೊಂಡವನು ಯಾವ ದೇಶದವನಾದರೂ ಇರಲಿ, ಅವನು ಬರಿಯ ಯಂತ್ರಜ್ಞನಲ್ಲ.

ಚಿತ್ರಕಲ್ಪನೆಯ ಮೂಲ

ಹುಲಿ ಮತ್ತು ಮನುಷ್ಯನ ಈ ಜೋಡಿ ಎಲ್ಲಿಂದ ಬಂತು ಎಂಬುದಕ್ಕೆ ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ರೂಢಿಯ ಉತ್ತರವಿದೆ. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯೊಂದು ಸೇನಾನಿ ಹೆಕ್ಟರ್ ಮನ್ರೋನ ಮಗನನ್ನು ಕೊಂದಿತು. 1781ರಲ್ಲಿ ಹೈದರನನ್ನು ಸೋಲಿಸಿದ ಸೈನ್ಯದಲ್ಲಿ ಆ ತಂದೆಯೂ ಇದ್ದುದರಿಂದ ಟಿಪ್ಪು ಸಂತೋಷಪಟ್ಟು ಈ ಗೊಂಬೆಯನ್ನು ಮಾಡಿಸಿದ ಎಂದು. ಆದರೆ ಟಿಪ್ಪುವಿಗಾಗಿ 1787–88ರಲ್ಲಿ ತಯಾರಾದ ಬಂದೂಕೊಂದರ ಬೆಳ್ಳಿಯ ಪಟ್ಟಿಯ ಮೇಲೆ ಇಂಥದೇ ದೃಶ್ಯವಿದೆ. ಮನ್ರೋನ ಮಗ ಆಗಿನ್ನೂ ಬದುಕಿದ್ದ. ಶ್ರೀರಂಗಪಟ್ಟಣದ ಬೀದಿಗಳ ಗೋಡೆಗಳ ಮೇಲೆ ಹುಲಿಗಳು ಯುರೋಪಿಯನ್ನರನ್ನು ಹಿಡಿಯುವ ಅಣಕದ ಚಿತ್ರಗಳಿದ್ದುವೆಂದು ಅದೇ ಕಾಲದ ಇಂಗ್ಲಿಷರು ಬರೆದಿದ್ದಾರೆ. ಅಂದರೆ ಯಂತ್ರಗೊಂಬೆಯಾಗುವುದಕ್ಕೆ ಮೊದಲೇ ಈ ಚಿತ್ರ ಆ ಊರಿನ ಬೀದಿಯಲ್ಲಿತ್ತು.

ಬೀದಿಗೆ ಬರುವ ಮೊದಲೂ ಅದಕ್ಕೆ ಹಿನ್ನೆಲೆ ಇದ್ದೇ ಇತ್ತು. ಹುಲಿಯೊಡನೆ ಕಾದಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ದೊರೆತಿವೆ. ಹೊಯ್ಸಳ ಲಾಂಛನದ ಸಳನ ಶಿಲ್ಪ ಸರ್ವವಿದಿತ. ಇವುಗಳಲ್ಲಿ ಮನುಷ್ಯ ನಿಂತಿದ್ದಾನೆ, ಆಯುಧ ಹಿಡಿದಿದ್ದಾನೆ. ಟಿಪ್ಪುವಿನ ಹುಲಿಯಲ್ಲಿ ಅವನು ಬಿದ್ದಿದ್ದಾನೆ, ಕೈ ಬರಿದಾಗಿದೆ. ಹಳೆಯ ಚಿತ್ರವನ್ನು ಬೇಕೆಂದೇ ತಲೆಕೆಳಗು ಮಾಡಿದಂತಿದೆ. ಅಂಕೋಲೆ, ಯಲ್ಲಾಪುರಗಳ ಕಾಡಂಚಿನ ಊರುಗಳಲ್ಲಿ ಹುಲಿದೇವರ ಕಲ್ಲಿಗೆ ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುವ ಜನರ ಮನಸ್ಸಿನಲ್ಲಿ ಹುಲಿ ಕೇವಲ ಕ್ರೂರಮೃಗವಲ್ಲ. ಗಡಿ ಕಾಯುವ, ತಪ್ಪಿದವನನ್ನು ದಂಡಿಸುವ ಶಕ್ತಿ. ಹುಲಿ ತನ್ನ ಎಲ್ಲೆ ಮೀರಿ ಬಂದವನನ್ನು ಹಿಡಿದಿದೆ ಎಂಬ ಓದು ಈ ನೆಲದ ಪ್ರೇಕ್ಷಕನಿಗೆ ತಾನಾಗಿ ಹೊಳೆಯುವಂಥದು. ಅಂಕೋಲೆಯ ಹಾಲಕ್ಕಿಗಳ ಸುಗ್ಗಿಯ ಕಾಲದ ಹಗರಣಗಳಲ್ಲಿ ಅಧಿಕಾರಸ್ಥರನ್ನು ವೇಷ ಹಾಕಿ ಅಣಕಿಸುವುದನ್ನು ಕಂಡವರಿಗೆ, ಹ್ಯಾಟು ಹಾಕಿದವನೊಬ್ಬ ನೆಲಕ್ಕೆ ಬಿದ್ದು ಗೋಳಿಡುವುದು ಯಾವ ಪ್ರಕಾರದ ನಗೆ ಎಂದು ವಿವರಿಸಬೇಕಾಗಿಲ್ಲ. ಹುಲಿಗೂ ಹಗರಣಕ್ಕೂ ನೇರ ಸಂಬಂಧವಿದೆ ಎಂದು ನಾನು ವಾದಿಸುತ್ತಿಲ್ಲ. ಒಂದೇ ಬಗೆಯ ನಗೆ ಎರಡು ಕಡೆ ಇದೆ ಎಂಬಷ್ಟೇ ನನ್ನ ಮಾತು.

ಹೀಗಿರುವಾಗ ‘ಮೈ ನಮ್ಮದು, ಯಂತ್ರ ಅವರದು’ ಎಂಬ ಹಂಚಿಕೆ ಸಡಿಲಾಗುತ್ತದೆ. ಮರದ ಮೈಯನ್ನು ಕೊರೆಯುವಾಗಲೇ ಒಳಗೆ ತಿದಿ ಎಲ್ಲಿ, ಕೊಳವೆ ಎಲ್ಲಿ, ಕೈಯ ಕೀಲು ಎಲ್ಲಿ ಎಂದು ತಿಳಿದಿರಬೇಕು. ಕೊಳವೆ ಮಾಡುವವನಿಗೆ ಬಾಯಿ ಎಷ್ಟು ತೆರೆದಿದೆ ಎಂದು ಗೊತ್ತಿರಬೇಕು. ಕೆತ್ತುವವನೂ ಯಂತ್ರ ಕೂರಿಸುವವನೂ ಅಕ್ಕಪಕ್ಕ ಕೂತು ಮಾಡದ ಹೊರತು ಈ ಕೃತಿ ಸಾಧ್ಯವಿಲ್ಲ. ಶಿರಸಿ, ಸಿದ್ದಾಪುರ, ಹೊನ್ನಾವರಗಳ ಗುಡಿಗಾರರಲ್ಲಿ ಗಂಧದ ಕೆತ್ತನೆ, ಬೆಂಡಿನ ಕೆಲಸ, ಬಣ್ಣಗಾರಿಕೆ ಇವೆಲ್ಲ ಒಂದೇ ಕುಟುಂಬದ ಕೈಯಲ್ಲಿರುವುದನ್ನು ನಾವು ಬಲ್ಲೆವು. ಪ್ಯಾರಿಸಿನಲ್ಲಿ ಕೆಲಸ ಹಲವು ಕೈಗಳಿಗೆ ಹಂಚಿಹೋಗಿ ಹೆಸರು ಒಂದೇ ಉಳಿಯಿತು. ನಮ್ಮಲ್ಲಿ ಕೆಲಸ ಕೂಡಿಕೊಂಡಿತ್ತು, ಹೆಸರೇ ಉಳಿಯಲಿಲ್ಲ. ಸಂಗ್ರಹಾಲಯದ ಫಲಕದಲ್ಲಿ ಮಾಡಿಸಿದವನ ಹೆಸರಿದೆ, ವಶಪಡಿಸಿಕೊಂಡವರ ಹೆಸರಿದೆ.

ಹಿಡಿಕೆಯ ಗತಿ

ಲಂಡನ್ನಿಗೆ ಹೋದ ಹುಲಿಯನ್ನು ಮೊದಲು ಲಂಡನ್ ಗೋಪುರದಲ್ಲಿಡುವ ಯೋಚನೆಯಿತ್ತು. ಕೊನೆಗೆ ಅದು 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯ ಸಂಗ್ರಹಾಲಯದಲ್ಲಿ ಸಾರ್ವಜನಿಕರ ನೋಟಕ್ಕೆ ಬಿತ್ತು. ಬಂದವರೆಲ್ಲ ಹಿಡಿಕೆ ತಿರುಗಿಸಿದರು. ಪಕ್ಕದ ಗ್ರಂಥಾಲಯದಲ್ಲಿ ಓದುತ್ತಿದ್ದವರು ಹುಲಿಯ ಗುರುಗುಟ್ಟುವಿಕೆಗೆ ಬೇಸತ್ತರು. 1843ರ ವೇಳೆಗೆ ಹಿಡಿಕೆಯೇ ಕಾಣೆಯಾಗಿತ್ತು. (ಗ್ರಂಥಪಾಲಕರ ಮೇಲೆ ನನಗೆ ಅನುಮಾನವಿದೆ, ಆದರೆ ಈ ಸಂಪುಟ ಗ್ರಂಥಾಲಯಗಳಿಗೇ ಹೋಗುವುದರಿಂದ ಅದನ್ನು ಒತ್ತಿ ಹೇಳಲಾರೆ.) 1880ರ ಹೊತ್ತಿಗೆ ಅದು ಇಂದಿನ ಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಛಾವಣಿ ಕುಸಿದು ಮರದ ಮೈ ನೂರಾರು ಚೂರುಗಳಾಯಿತು. ಚೂರುಗಳನ್ನು ಜೋಡಿಸಿ 1947ರಲ್ಲಿ ಮತ್ತೆ ಪ್ರದರ್ಶನಕ್ಕೆ ಇಟ್ಟರು. ನಾವು ಸ್ವತಂತ್ರರಾದ ವರ್ಷವೂ ಅದೇ ಎಂಬುದನ್ನು ಯಾವ ಓದುಗನೂ ತಾನೇ ಗಮನಿಸಿಯಾನು.

ಇಷ್ಟು ದುರಸ್ತಿಗಳ ಮೂಲಕ ಬಂದ ವಸ್ತುವಿನಲ್ಲಿ ಇಂದು ಕಾಣುವುದೆಲ್ಲ 1790ರ ದಶಕದ್ದಲ್ಲ. ಮೈಯ ಬಣ್ಣವನ್ನು ಮತ್ತೆ ಮತ್ತೆ ಬಳಿಯಲಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆರ್ಗನ್ ಭಾಗವನ್ನು ಬಿಚ್ಚಿ ಸರಿಪಡಿಸಲಾಗಿದೆ. ಹಳೆಯ ವಾದ್ಯಯಂತ್ರಗಳ ತಜ್ಞ ಆರ್ಥರ್ ಆರ್ಡ್-ಹ್ಯೂಮ್ ಇದರ ಒಳರಚನೆಯನ್ನು ಪರಿಶೀಲಿಸಿ ಬರೆದಿದ್ದಾರೆ. ಮಿಲ್ಡ್ರೆಡ್ ಆರ್ಚರ್ ಅವರ ಕಿರುಹೊತ್ತಗೆ (1959), ಸೂಸನ್ ಸ್ಟ್ರಾಂಜ್ ಅವರ ಗ್ರಂಥ (2009) ಚರಿತ್ರೆಯ ವಿವರಗಳಿಗೆ ಅನಿವಾರ್ಯ. ಕನ್ನಡದಲ್ಲಿ ಟಿಪ್ಪುವಿನ ಆಡಳಿತವನ್ನು ಕುರಿತು ಗ್ರಂಥರಾಶಿಯೇ ಇದೆ. ಅವನ ಹುಲಿಯನ್ನು ಗೊಂಬೆಯಾಗಿ, ನಮ್ಮ ಗೊಂಬೆಗಳ ಸಾಲಿನಲ್ಲಿಟ್ಟು ನೋಡುವ ಕೆಲಸ ನಡೆಯಬೇಕಾದಷ್ಟು ನಡೆದಿಲ್ಲ. ಅವನನ್ನು ಹೊಗಳುವವರಿಗೂ ತೆಗಳುವವರಿಗೂ ಹುಲಿ ಲಾಂಛನವಾಗಿ ಸಾಕಾಗಿದೆ.

ಕ್ಷೇತ್ರಕಾರ್ಯದ ಒಂದು ಟಿಪ್ಪಣಿಯನ್ನು ಇಲ್ಲಿ ಸೇರಿಸುತ್ತೇನೆ. ಕಾರವಾರದ ಹಬ್ಬುವಾಡದಲ್ಲಿ ಗಣೇಶ ಚೌತಿಯ ಸಂದರ್ಭದಲ್ಲಿ ನೋಡಿದ ಮಂಟಪವೊಂದರಲ್ಲಿ ನರಸಿಂಹನು ಹಿರಣ್ಯಕಶಿಪುವಿನ ಒಡಲನ್ನು ಬಗೆಯುವ ಚಲಿಸುವ ದೃಶ್ಯವನ್ನು ನಿರ್ಮಿಸಿದ್ದರು. ಅಡಿಯಲ್ಲಿ ಮಲಗಿದವನ ಒಂದು ಕೈ ಏಳುತ್ತಿತ್ತು, ಇಳಿಯುತ್ತಿತ್ತು. ಹಿಂದಿನಿಂದ ಧ್ವನಿವರ್ಧಕದಲ್ಲಿ ಗರ್ಜನೆ. ಪರದೆ ಸರಿಸಿ ನೋಡಿದರೆ ಹಳೆಯ ಲಾರಿಯ ವೈಪರ್ ಮೋಟಾರು, ಅದರ ತುದಿಗೆ ಪ್ಲೈವುಡ್ಡಿನಲ್ಲಿ ಕತ್ತರಿಸಿದ ಅಂಡಾಕಾರದ ತಟ್ಟೆ, ತಟ್ಟೆಗೆ ಆತುಕೊಂಡ ಬಿದಿರಿನ ಸೀಳು, ಸೀಳಿನಿಂದ ಕೈಗೆ ಮೀನುಗಾರರ ನೈಲಾನ್ ದಾರ. ಕ್ಯಾಮ್ ಎಂಬ ಹೆಸರನ್ನು ಅದನ್ನು ಮಾಡಿದ ಗ್ಯಾರೇಜಿನ ಯುವಕ ಕೇಳಿರಲಿಲ್ಲ. ತಟ್ಟೆ ಪೂರ್ತಿ ದುಂಡಗಿದ್ದರೆ ಕೈ ಏಳುವುದೇ ಇಲ್ಲ, ಒಮ್ಮೆಗೇ ಮೊನಚಾದರೆ ಕೈ ಜಗ್ಗಿದಂತಾಗಿ ಜೀವ ಹೋಗುವವನ ಕೈಯಂತೆ ಕಾಣುವುದಿಲ್ಲ, ಆದ್ದರಿಂದ ಅಂಚನ್ನು ಮೂರು ಸಲ ಅರದಿಂದ ಉಜ್ಜಿ ಸರಿಮಾಡಿದೆ ಎಂದು ವಿವರಿಸಿದ. ಮಂಟಪದ ಮುಂದಿನ ಫಲಕದಲ್ಲಿ ದೇಣಿಗೆ ಕೊಟ್ಟವರ ಹೆಸರುಗಳಿದ್ದವು. ವಿಸರ್ಜನೆಯ ಮರುದಿನ ಹೋದಾಗ ಮೋಟಾರು ಗ್ಯಾರೇಜಿಗೆ ಮರಳಿತ್ತು, ದಾರವನ್ನು ಸುತ್ತಿಟ್ಟಿದ್ದರು. ಪ್ಲೈವುಡ್ಡಿನ ತಟ್ಟೆಯನ್ನು ಕೇಳಿ ಪಡೆದುಕೊಂಡೆ.